ತಾನು ಮಾಡುವುದು ಉತ್ತಮವೇ?

ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು. ಈ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗ ಇರಲಾರ. ಹೊಲದ ಬದುವಿನ ಮೇಲೆ ನಿಂತು ಇದನ್ನು ಹೇಳಿದವನಿಗೆ ಹೊಲವೂ ತನ್ನದು, ನೇಗಿಲೂ ತನ್ನದು, ಕೈತಪ್ಪಿದರೆ ಕೆಡುವ ಬೆಳೆಯೂ ತನ್ನದೇ. ಊರು ಬಿಟ್ಟು ಬಂದು, ನಾಲ್ಕು ಮಹಡಿಯ ಕಟ್ಟಡದಲ್ಲಿ ಒಬ್ಬರ ತಲೆಯ ಮೇಲೆ ನಾವು, ನಮ್ಮ ತಲೆಯ ಮೇಲೆ ಇನ್ನೊಬ್ಬರು ಎಂಬಂತೆ ಬದುಕುತ್ತಿರುವ ನಮ್ಮಂಥವರಿಗೂ ಈ ಮಾತು ಹಾಗೆಯೇ ಸಲ್ಲುತ್ತದೆಯೆ? ಎರಡು ಮಳೆಗಾಲಗಳಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಇದಕ್ಕೆ ಕಾರಣ ನಮ್ಮ ಕಟ್ಟಡದ ತಾರಸಿ.

ನಾವಿರುವುದು ಡೊಂಬಿವಲಿಯಲ್ಲಿ, ಹದಿನಾರು ಮನೆಗಳ ಒಂದು ಹಳೆಯ ಸೊಸಾಯಿಟಿಯಲ್ಲಿ. ಮುಂಬಯಿಯ ಸುತ್ತಮುತ್ತ ಸಂಸಾರ ಹೂಡಿದವರಿಗೆ ತಾರಸಿಯ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೂನ್ ಎರಡನೆಯ ವಾರದ ಹೊತ್ತಿಗೆ ಬರುವ ಮಳೆ ಸೆಪ್ಟೆಂಬರ್ ಮುಗಿಯುವವರೆಗೆ ಬಿಡುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಕಂಡವರು ಇಂದಿಗೂ ಮೇ ತಿಂಗಳಲ್ಲಿ ಒಮ್ಮೆ ತಲೆಯೆತ್ತಿ ಸೂರು ನೋಡಿಕೊಳ್ಳುತ್ತಾರೆ. ಇಲ್ಲಿಯ ಹಳೆಯ ಕಟ್ಟಡಗಳ ತಾರಸಿಗೆ ‘ಕೋಬಾ’ ಹಾಕುವ ರೂಢಿ ಇದೆ. ಸ್ಲ್ಯಾಬಿನ ಮೇಲೆ ಒಡೆದ ಇಟ್ಟಿಗೆಯ ತುಂಡುಗಳನ್ನು ಸಿಮೆಂಟಿನ ಗಾರೆಯಲ್ಲಿ ಕೂರಿಸಿ, ನೀರು ಕೊಳವೆಯ ಕಡೆಗೆ ಹರಿಯುವಂತೆ ಇಳಿಜಾರು ಕೊಟ್ಟು, ಗೋಡೆ ಸೇರುವಲ್ಲಿ ಮೂಲೆಯನ್ನು ಗುಂಡಗೆ ತಿದ್ದಿ, ಮೇಲೆ ಗಿಲಾವು ಮಾಡುತ್ತಾರೆ. ಚೆನ್ನಾಗಿ ಹಾಕಿದ ಕೋಬಾ ಎಷ್ಟೋ ಮಳೆಗಾಲ ನಿಲ್ಲುತ್ತದೆ. ಆಮೇಲೆ ಬಿಸಿಲಿಗೆ ಬಿರಿಯುತ್ತದೆ. ಆ ಬಿರುಕಿನಲ್ಲಿ ನೀರು ಇಳಿಯುತ್ತದೆ.

ಧಾರವಾಡದಲ್ಲಿ ರಸಾಯನಶಾಸ್ತ್ರ ಹಿಡಿದು ಬಿ.ಎಸ್ಸಿ. ಮಾಡಿದವರು ನಾವು. ಹೊಟ್ಟೆಪಾಡಿಗೆ ಕೇಂದ್ರ ಸರಕಾರದ ಕಚೇರಿಯಲ್ಲಿ ಗುಮಾಸ್ತರು. ಕಲಿತ ವಿದ್ಯೆಗೂ ಮಾಡುವ ಕೆಲಸಕ್ಕೂ ಸಂಬಂಧವಿಲ್ಲದವರಿಗೆ ಇಂಥ ಸಂದರ್ಭ ಬಂದರೆ ಉತ್ಸಾಹ ಹೆಚ್ಚು. ಸೊಸಾಯಿಟಿಯ ಸಭೆಯಲ್ಲಿ ನಾವು ಎದ್ದು ನಿಂತು, ಕಾಂಕ್ರೀಟಿನೊಳಗಿನ ಕ್ಷಾರಗುಣ ಕಬ್ಬಿಣದ ಸರಳಿಗೆ ಹೇಗೆ ಕವಚವಾಗಿರುತ್ತದೆ, ಗಾಳಿಯ ಇಂಗಾಲಾಮ್ಲವೂ ನೀರೂ ಒಳಹೊಕ್ಕು ಆ ಗುಣವನ್ನು ಹೇಗೆ ಕೆಡಿಸುತ್ತವೆ, ತುಕ್ಕು ಹಿಡಿದ ಸರಳು ಮೊದಲಿಗಿಂತ ಎಷ್ಟೋ ಪಟ್ಟು ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಹೇಗೆ ಒಡೆಯುತ್ತದೆ ಎಂದು ವಿವರಿಸಿದೆವು. ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ತಪ್ಪಾದದ್ದು ಆಮೇಲೆ.

ಒಬ್ಬ ಕಂತ್ರಾಟುದಾರರು ಬಂದು ನೋಡಿ, 1,800 ಚದರಡಿಯ ತಾರಸಿಗೆ ಜಲನಿರೋಧಕ ಲೇಪ ಹಚ್ಚಲು ಅಡಿಗೆ 60 ರೂಪಾಯಿಯಂತೆ 1,08,000 ರೂಪಾಯಿ ಹೇಳಿದರು. ಹತ್ತು ವರ್ಷದ ಖಾತರಿಯನ್ನು ಛಾಪಾ ಕಾಗದದ ಮೇಲೆ ಬರೆದುಕೊಡುತ್ತೇವೆಂದರು. ನಾವು ಅಂಗಡಿಗೆ ಹೋಗಿ ವಿಚಾರಿಸಿದೆವು. ಅದೇ ಲೇಪ, ಜಾಳಿಗೆ, ಕುಂಚ, ಉರುಳೆ ಎಲ್ಲ ಸೇರಿ 38,000 ರೂಪಾಯಿ. ಉಳಿಕೆ 70,000. ಮನೆಗೆ 4,375 ರೂಪಾಯಿ. ಕಚೇರಿಯಲ್ಲಿ ಟೆಂಡರುಗಳ ತುಲನಾಪಟ್ಟಿ ಬರೆದು ಬರೆದು ಕೈಪಳಗಿದವರಾದ ನಾವು ಸಭೆಯ ಮುಂದೆ ಅಂಥದೇ ಒಂದು ಪಟ್ಟಿ ಇಟ್ಟಾಗ ವಿರೋಧಿಸುವವರೇ ಇರಲಿಲ್ಲ. ಎಂಟು ಮಂದಿ ಗಂಡಸರು, ಮೂವರು ಕಾಲೇಜು ಹುಡುಗರು, ಒಂದು ಶನಿವಾರ, ಒಂದು ಭಾನುವಾರ. ‘ಡಬ್ಬಿಯ ಮೇಲೆ ಎಲ್ಲ ಬರೆದಿದೆ, ಓದಲು ಬಂದರೆ ಸಾಕು’ ಎಂದವರು ನಾವೇ.

ಆ ಎರಡು ದಿನಗಳ ಸಂತೋಷವನ್ನು ನಾವು ಅಲ್ಲಗಳೆಯುವುದಿಲ್ಲ. ಇಪ್ಪತ್ತು ವರ್ಷ ಒಂದೇ ಮೆಟ್ಟಿಲನ್ನು ಹತ್ತಿಳಿದರೂ ಒಬ್ಬರ ಹೆಸರನ್ನೊಬ್ಬರು ಸರಿಯಾಗಿ ತಿಳಿಯದವರು ಒಂದೇ ಬಕೆಟ್ಟಿನಲ್ಲಿ ಕುಂಚ ಅದ್ದಿದೆವು. ಕೆಳಗಿನಿಂದ ಮಜ್ಜಿಗೆ ಬಂತು, ಬಟಾಟೆವಡೆ ಬಂತು. ಫೈಲುಗಳ ನಡುವೆ ಸವೆದ ಬೆರಳುಗಳಿಗೆ ಕಣ್ಣಿಗೆ ಕಾಣುವ ಕೆಲಸ ಸಿಕ್ಕಿದಾಗ ಆಗುವ ಹಿಗ್ಗು ಬೇರೆ. ಬೆಳ್ಳಗೆ ಹೊಳೆಯುವ ತಾರಸಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡೆವು. ಕೈ ಕೆಸರಾದರೆ ಬಾಯಿ ಮೊಸರು ಎಂದು ಮಗನಿಗೆ ಉಪದೇಶವನ್ನೂ ಮಾಡಿದೆವು.

ಆ ಶನಿವಾರ ಬೆಳಿಗ್ಗೆ ಇನ್ನೊಬ್ಬರೂ ತಾರಸಿಗೆ ಬಂದಿದ್ದರು. ಹಿಂದಿನ ಎರಡು ವರ್ಷ ಬಿರುಕುಗಳಿಗೆ ಗಾರೆ ತುಂಬಿಕೊಟ್ಟಿದ್ದ ಗೌಂಡಿ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವರು. ಬೆಳಿಗ್ಗೆ ನಾಕಾದ ಮೇಲೆ ಕರಣಿ, ಪುಟ್ಟಿ ಹಿಡಿದು ನಿಲ್ಲುವ ನೂರಾರು ಮಂದಿಯಲ್ಲಿ ಒಬ್ಬರು. ‘ಮಳೆಗೆ ಮುಂಚೆ ಬಂದು ನೋಡಿ ಹೋಗಿ’ ಎಂದು ಹಿಂದಿನ ವರ್ಷ ನಾವೇ ಹೇಳಿದ್ದೆವು. ಹೇಳಿದ್ದು ನಮಗೆ ಮರೆತಿತ್ತು, ಅವರಿಗೆ ಮರೆತಿರಲಿಲ್ಲ. ಕುಂಚ ಹಿಡಿದ ನಮ್ಮನ್ನು ಕಂಡು ಒಂದು ಗಳಿಗೆ ಸುಮ್ಮನೆ ನಿಂತರು. ಆಮೇಲೆ ನೀರಿನ ಕೊಳವೆಯ ಪಕ್ಕದ ಮೂಲೆಗೆ ಹೋಗಿ, ಕರಣಿಯ ಹಿಡಿಯಿಂದ ನಾಲ್ಕು ಸಲ ಬಡಿದು, ‘ಸಾಹೇಬ್ರ, ಮ್ಯಾಲ ಬಣ್ಣಾ ಹಚ್ಚಿದ್ರ ಏನ್ ಆಗೂದ್ರಿ? ಒಳಗ ಪೊಳ್ಳ ಐತಿ. ಇಲ್ಲಿ ಬಡದ ನೋಡ್ರಿ’ ಎಂದರು.

ನಾವು ಬಡಿದು ನೋಡಲಿಲ್ಲ. ಕೆಲಸ ಹಿಡಿಯಲು ಗೌಂಡಿಗಳು ಆಡುವ ಮಾತು ಎಂದುಕೊಂಡೆವು. ಚಹಾ ಕೊಟ್ಟು ಕಳಿಸಿದೆವು. ಮೆಟ್ಟಿಲಿಳಿಯುವಾಗ ಅವರು ಅಂದದ್ದು ಇಷ್ಟು: ‘ಕಲ್ಯಾಣದಾಗ ಒಂದ್ ವಾರದ ಕೆಲಸ ಇತ್ರಿ. ನಿಮಗ ಮಾತ್ ಕೊಟ್ಟೀನಂತ ಬಿಟ್ಟ ಬಂದಿನ್ರಿ.’ ನಾಕಾದಲ್ಲಿ ಒಂಬತ್ತು ಗಂಟೆಯೊಳಗೆ ಯಾರೂ ಕರೆಯದಿದ್ದರೆ ಆ ದಿನ ಮುಗಿದಂತೆ. ಅಂದು ಅವರು ನಮ್ಮ ತಾರಸಿಯಿಂದ ಇಳಿದಾಗ ಹತ್ತೂವರೆ.

ಮುಂದಿನ ಕಥೆಯನ್ನು ಓದುಗರು ಊಹಿಸಿರಬಹುದು. ಆ ವಾರದ ನಡುವೆ ಒಂದು ರಾತ್ರಿ ಅಕಾಲ ಮಳೆ ಬಂದು ಹೋಗಿತ್ತು. ‘ಮೇಲ್ಮೈ ಪೂರ್ತಿ ಒಣಗಿರಬೇಕು’ ಎಂದು ಡಬ್ಬಿಯ ಮೇಲೆ ಬರೆದದ್ದನ್ನು ನಾವು ಓದಿದ್ದೆವು. ಕಣ್ಣಿಗೆ ಒಣಗಿಯೇ ಇತ್ತು. ಪೊಳ್ಳಾದ ಕೋಬಾದ ಹೊಟ್ಟೆಯಲ್ಲಿ ನೀರು ಕೂತದ್ದು ಮಾತ್ರ ಕಣ್ಣಿಗೆ ಕಾಣುವ ಸಂಗತಿಯಲ್ಲ. ಮೇ ತಿಂಗಳ ಬಿಸಿಲಿಗೆ ಆ ನೀರು ಆವಿಯಾಗಿ ಲೇಪವನ್ನು ಒಳಗಿನಿಂದ ನೂಕಿತು. ಜೂನ್ ಮೊದಲ ವಾರಕ್ಕೆ ಕೊಳವೆಯ ಸುತ್ತ ಲೇಪ ಹಪ್ಪಳದಂತೆ ಉಬ್ಬಿತ್ತು. ಉಬ್ಬಿದ್ದು ಹರಿಯಿತು. ಹರಿದಲ್ಲಿ ನೀರು ಇಳಿಯಿತು. ಇಳಿದ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲದಂತೆ ಉಳಿದ ಕಡೆ ನಾವೇ ಭದ್ರವಾಗಿ ಮುಚ್ಚಿದ್ದೆವು.

ಜುಲೈ ತಿಂಗಳ ಒಂದು ಮಧ್ಯಾಹ್ನ, ನಾಲ್ಕನೆಯ ಮಹಡಿಯ ಆಜಿಯ ಮಲಗುವ ಕೋಣೆಯಲ್ಲಿ ಸೂರಿನ ಗಿಲಾವು ಮಂಚದ ಮೇಲೆ ಬಿತ್ತು. ಎರಡು ಹಿಡಿಯಷ್ಟಲ್ಲ, ಒಂದು ಬುಟ್ಟಿ ತುಂಬುವಷ್ಟು. ಆಜಿ ಒಬ್ಬರೇ ಇರುವವರು, ಮರಾಠಿಯವರು, ಎಪ್ಪತ್ತೆಂಟರ ವಯಸ್ಸು. ಆ ಹೊತ್ತಿಗೆ ಚಹಾ ಕಾಸಲು ಅಡಿಗೆಮನೆಗೆ ಹೋಗಿದ್ದರು. ಹೋಗದೆ ಮಲಗಿದ್ದರೆ ಎಂಬ ವಾಕ್ಯವನ್ನು ನಾವು ಇಂದಿಗೂ ಪೂರ್ತಿ ಮಾಡಿಲ್ಲ.

ಓಡಿಹೋಗಿ ನೋಡಿದೆವು. ಹೊದಿಕೆಯ ಮೇಲೆ ಒದ್ದೆ ಸಿಮೆಂಟು, ಮೇಲೆ ಕೆಂಪಗೆ ತುಕ್ಕು ಹಿಡಿದ ಸರಳು. ಸಭೆಯಲ್ಲಿ ನಾವು ವರ್ಣಿಸಿದ್ದು ಎಲ್ಲವೂ ಅಲ್ಲಿ ಕಣ್ಣೆದುರಿಗಿತ್ತು. ಆಜಿ ಬೈಯುತ್ತಾರೆಂದು ತಲೆತಗ್ಗಿಸಿ ನಿಂತರೆ, ಅವರು ಬೈಯಲಿಲ್ಲ. ಹದಿನೈದು ದಿನದಿಂದ ಸೂರು ಜಿನುಗುತ್ತಿತ್ತಂತೆ. ಕೆಳಗೆ ಪಾತ್ರೆ ಇಟ್ಟು ಸುಮ್ಮನಿದ್ದರಂತೆ. ‘ಯಾಕೆ ಹೇಳಲಿಲ್ಲ ಆಜಿ?’ ಎಂದರೆ, ‘ನೀವೆಲ್ಲ ಆಫೀಸಿನ ರಜೆ ಬಿಟ್ಟು ಬಿಸಿಲಲ್ಲಿ ಅಷ್ಟು ಕಷ್ಟಪಟ್ಟಿದ್ದಿರಿ ಬಾಳಾ. ಹ್ಯಾಗೆ ಹೇಳಲಿ?’ ಎಂದರು.

ಮನೆಗೆ ಬಂದು ಇದನ್ನು ಹೇಳಿದಾಗ ನಮ್ಮ ಮನೆಯವರು ಅಕ್ಕಿ ಆರಿಸುತ್ತಿದ್ದ ಕೈ ನಿಲ್ಲಿಸದೆ, ‘ದುಡ್ಡು ಕೊಟ್ಟು ಮಾಡಿಸಿದ್ದರೆ ಮೊದಲನೇ ಹನಿಗೇ ಬೈಯುತ್ತಿದ್ದರು. ಉಪಕಾರ ಮಾಡಿದವರನ್ನು ಬೈಯೋದು ಹೇಗೆ?’ ಎಂದರು.

ಓದುಗ ಬಂಧುಗಳೇ, ನಮಗೆ ನಿದ್ದೆಗೆಡಿಸಿದ್ದು ಈ ಮಾತು. ಲೇಪ ಉಬ್ಬಿದ್ದು ರಸಾಯನಶಾಸ್ತ್ರದ ವಿಷಯ, ಅದನ್ನು ಅರ್ಥ ಮಾಡಿಕೊಳ್ಳಬಹುದು. ಒಬ್ಬ ಮುದುಕಿ ತನ್ನ ಮಂಚದ ಮೇಲೆ ಬೀಳುವ ಹನಿಯ ಬಗ್ಗೆ ದೂರು ಹೇಳುವ ಹಕ್ಕನ್ನು ನಮ್ಮ ಒಳ್ಳೆಯತನ ಕಿತ್ತುಕೊಂಡಿತ್ತಲ್ಲ, ಅದು ಯಾವ ಶಾಸ್ತ್ರ? ಕೂಲಿ ಕೊಟ್ಟವನಿಗೆ ಕೇಳುವ ಅಧಿಕಾರವಿದೆ, ಕೂಲಿ ಪಡೆದವನಿಗೆ ಉತ್ತರ ಹೇಳುವ ಕರ್ತವ್ಯವಿದೆ. ಹಣ ಎಂಬುದು ಇಬ್ಬರ ನಡುವೆ ಒಂದು ಸಣ್ಣ ಮೇಜಿನಂತೆ ನಿಂತು, ಇಬ್ಬರೂ ಎದುರುಬದುರು ಕೂತು ಮಾತನಾಡಲು ಅನುವು ಮಾಡುತ್ತದೆ. ಬಿಟ್ಟಿ ಮಾಡಿದ ಕೆಲಸಕ್ಕೆ ಆ ಮೇಜಿಲ್ಲ. ಹಣವೆಂದರೆ ಮನುಷ್ಯರನ್ನು ದೂರ ಮಾಡುವ ವಸ್ತು ಎಂದು ನಾವು ಚಿಕ್ಕಂದಿನಿಂದ ಕೇಳಿದ್ದು. ಹೀಗೂ ಅದು ಉಪಯೋಗಕ್ಕೆ ಬರುತ್ತದೆಂದು ಯಾವ ಪಾಠದಲ್ಲಿಯೂ ಓದಿರಲಿಲ್ಲ.

ಸ್ವಾವಲಂಬನೆಯನ್ನು ಹೊಗಳುವವರು ಗಾಂಧೀಜಿಯವರ ಹೆಸರನ್ನು ತಪ್ಪದೆ ತೆಗೆಯುತ್ತಾರೆ. ಆ ಸಭೆಯಲ್ಲಿ ನಾವೂ ತೆಗೆದಿದ್ದೆವು. ಗಿಲಾವು ಬಿದ್ದ ಮೇಲೆ ಅವರ ಆತ್ಮಕಥೆಯನ್ನು ಮತ್ತೊಮ್ಮೆ ತೆರೆದು ನೋಡಿದೆವು. ದಕ್ಷಿಣ ಆಫ್ರಿಕದಲ್ಲಿ ಅಗಸನ ಖರ್ಚೂ ಕಾಯುವುದೂ ಸಾಕಾಗಿ ಅವರು ಬಟ್ಟೆ ಒಗೆಯುವ ಪುಸ್ತಕ ಕೊಂಡು ತಾವೇ ಕಲಿತರು. ಮೊದಲ ಸಲ ಇಸ್ತ್ರಿ ಮಾಡಿದ ಕಾಲರಿನಿಂದ ಗಂಜಿ ಉದುರಿ ನ್ಯಾಯಾಲಯದಲ್ಲಿ ಸಹೋದ್ಯೋಗಿಗಳು ನಕ್ಕರು. ಪ್ರಿಟೋರಿಯಾದಲ್ಲಿ ಬಿಳಿಯ ಕ್ಷೌರಿಕನೊಬ್ಬ ಕೂದಲು ಕತ್ತರಿಸಲು ನಿರಾಕರಿಸಿದಾಗ ಯಂತ್ರ ಕೊಂಡು ಕನ್ನಡಿಯ ಮುಂದೆ ನಿಂತು ತಾವೇ ಕತ್ತರಿಸಿಕೊಂಡರು. ಮುಂಭಾಗ ಹೇಗೋ ಆಯಿತು, ಹಿಂಭಾಗ ಕೆಟ್ಟಿತು, ಜನ ಮತ್ತೆ ನಕ್ಕರು. ಇವನ್ನೆಲ್ಲ ನಾವು ಮೊದಲೂ ಓದಿದ್ದೆವು. ಆದರೆ ಆ ಕಾಲರು ಅವರ ಕೊರಳಿನದು, ಆ ತಲೆ ಅವರದೇ ತಲೆ ಎಂಬುದನ್ನು ಗಮನಿಸಿರಲಿಲ್ಲ. ಕೆಟ್ಟರೆ ನಗೆಪಾಟಲಾಗುವವರು ಅವರೇ.

ಇದರ ಮುಂದಿನ ಪ್ರಸಂಗ ಇನ್ನೂ ಸ್ವಾರಸ್ಯದ್ದು. 1912ರಲ್ಲಿ ಗೋಖಲೆಯವರು ದಕ್ಷಿಣ ಆಫ್ರಿಕಕ್ಕೆ ಹೋಗಿದ್ದರು. ಜೋಹಾನ್ಸ್‌ಬರ್ಗಿನ ಒಂದು ಔತಣಕ್ಕೆ ಅವರು ಹೊದೆಯಬೇಕಾಗಿದ್ದ ಉತ್ತರೀಯ ಮುದುರಿತ್ತು. ಅದು ಮಹಾದೇವ ಗೋವಿಂದ ರಾನಡೆಯವರು ಕೊಟ್ಟ ಕಾಣಿಕೆ, ಜೀವದಂತೆ ಕಾಪಾಡಿಕೊಂಡದ್ದು. ಅಂಗಡಿಗೆ ಕಳಿಸಲು ಸಮಯವಿಲ್ಲ. ಗಾಂಧೀಜಿ ತಾವು ಇಸ್ತ್ರಿ ಮಾಡುತ್ತೇನೆಂದರು. ಗೋಖಲೆಯವರು ಹಿಂಜರಿದರು. ವಕೀಲನಾಗಿ ನಿನ್ನನ್ನು ನಂಬುತ್ತೇನೆ, ಅಗಸನಾಗಿ ನಂಬುವುದು ಹೇಗೆ ಎಂಬುದು ಅವರ ಧಾಟಿ. ಗಾಂಧೀಜಿ ಬಿಡದೆ ಮಾಡಿಕೊಟ್ಟು ಭೇಷ್ ಎನಿಸಿಕೊಂಡರು. ಗೋಖಲೆಯವರ ಹಿಂಜರಿಕೆಯನ್ನು ಹಿಂದೆ ನಾವು ಹಿರಿಯರೊಬ್ಬರ ಅತಿಜಾಗ್ರತೆ ಎಂದುಕೊಂಡಿದ್ದೆವು. ಈಗ ಓದಿದರೆ ಅದರಲ್ಲಿ ಬಹಳ ವಿವೇಕ ಕಾಣುತ್ತದೆ. ಎಷ್ಟೋ ವರ್ಷ ತನ್ನ ಕಾಲರಿನ ಮೇಲೆ ಕೈಪಳಗಿಸಿಕೊಂಡವನು ಆ ಮೇಲೆ ರಾನಡೆಯವರ ಉತ್ತರೀಯಕ್ಕೆ ಕೈಹಾಕಿದನು. ನಾವು ನಮ್ಮ ಮನೆಯ ಬಚ್ಚಲಿಗೂ ಲೇಪ ಹಚ್ಚಿ ನೋಡದೆ ನೇರವಾಗಿ ಆಜಿಯ ಸೂರಿಗೆ ಕೈಹಾಕಿದ್ದೆವು.

ತನ್ನ ಮನೆಯನ್ನು ತಾನೇ ಕಟ್ಟಿಕೊಂಡ ಇನ್ನೊಬ್ಬ ಮಹನೀಯ ಅಮೆರಿಕದ ಥೋರೋ. 1845ರಲ್ಲಿ ವಾಲ್ಡನ್ ಕೊಳದ ದಡದಲ್ಲಿ ಕಟ್ಟಿದ ಆ ಗುಡಿಸಲಿಗೆ ತಗುಲಿದ್ದು 28 ಡಾಲರು ಹನ್ನೆರಡೂವರೆ ಸೆಂಟು ಎಂದು ಬಾಬುವಾರು ಲೆಕ್ಕ ಬರೆದಿಟ್ಟ ಪುಣ್ಯಾತ್ಮ. ಗುಮಾಸ್ತರಾದ ನಮಗೆ ಈ ಕಾರಣಕ್ಕೇ ಅವರ ಮೇಲೆ ಪ್ರೀತಿ. ಆದರೆ ಮರ ಕಡಿದ ಕೊಡಲಿ ಎರವಲು ತಂದದ್ದು. ಚೌಕಟ್ಟು ಎತ್ತುವ ದಿನ ಪರಿಚಯದವರು ಬಂದು ಕೈಕೊಟ್ಟರು. ಹಲಗೆಗಳು ಬಂದದ್ದು ರೈಲುಹಾದಿಯ ಕೆಲಸಕ್ಕೆಂದು ಬಂದಿದ್ದ ಜೇಮ್ಸ್ ಕಾಲಿನ್ಸ್ ಎಂಬ ಐರಿಷ್ ಕೂಲಿಯ ಗುಡಿಸಲಿನಿಂದ. 4 ಡಾಲರು 25 ಸೆಂಟಿಗೆ ಅದನ್ನು ಕೊಂಡು, ಬಿಚ್ಚಿ, ಬಿಸಿಲಿಗೆ ಹರವಿ ಒಣಗಿಸಿದರು. ಕಾಲಿನ್ಸನ ಸಂಸಾರ ತನ್ನ ಸರ್ವಸ್ವವನ್ನು ಒಂದೇ ಗಂಟಿನಲ್ಲಿ ಕಟ್ಟಿಕೊಂಡು ಬೆಳಗಿನ ಜಾವ ಹಾದಿಯಲ್ಲಿ ಹೋಗುತ್ತಿದ್ದುದನ್ನು ಥೋರೋ ಅವರೇ ಮುಚ್ಚಿಡದೆ ಬರೆದಿದ್ದಾರೆ. ಅವರ ಸ್ವಾವಲಂಬನೆಯನ್ನು ಹಾಡಿ ಹೊಗಳುವವರು ಈ ಗಂಟಿನ ಸಂಗತಿಗೆ ಬರುವ ಹೊತ್ತಿಗೆ ಪುಟ ತಿರುವಿರುತ್ತಾರೆ. ನಮ್ಮ ಹಾದಿಯಲ್ಲಿ ಹೋದವರ ಕೈಯಲ್ಲಿದ್ದದ್ದು ಕರಣಿ, ಪುಟ್ಟಿ.

ಹಾಗಾದರೆ ಎಲ್ಲವನ್ನೂ ಬಲ್ಲವರಿಗೆ ಕೊಟ್ಟು ಕೈಕಟ್ಟಿ ಕೂರಬೇಕೆ? ಹಾಗೆಂದೂ ನಮಗೆ ಅನ್ನಿಸುವುದಿಲ್ಲ. ಕೈ ಹೊಲಸಾಗುವ ಕೆಲಸವೆಲ್ಲ ಬೇರೆ ಯಾರದೋ ಎಂದು ಭಾವಿಸುವ ಚಾಳಿಯಿಂದ ನಮ್ಮ ಸಮಾಜ ಎಷ್ಟು ಕೆಟ್ಟಿದೆಯೆಂಬುದು ಎಲ್ಲರಿಗೂ ಗೊತ್ತು. 1901ರ ಕಲ್ಕತ್ತಾ ಕಾಂಗ್ರೆಸ್ಸಿನಲ್ಲಿ ಪಾಯಖಾನೆಯ ಹೊಲಸು ಕಂಡು, ಸ್ವಯಂಸೇವಕರು ಅದು ತಮ್ಮ ಕೆಲಸವಲ್ಲವೆಂದಾಗ, ಗಾಂಧೀಜಿ ತಾವೇ ಪೊರಕೆ ತೆಗೆದುಕೊಂಡರು. ಅದನ್ನು ‘ಬಲ್ಲವರಿಗೆ’ ಬಿಡಬೇಕಿತ್ತು ಎಂದು ಯಾರು ಹೇಳಿಯಾರು? ನಮ್ಮ ಸೊಸಾಯಿಟಿಯಲ್ಲಿಯೂ ಒಂದು ಮಲದ ಗುಂಡಿಯಿದೆ. ತಾರಸಿಗೆ ಎಂಟು ಮಂದಿ ಸ್ವಯಂಸೇವಕರು ಹೊರಟೆವಲ್ಲ, ಆ ಗುಂಡಿಯ ಮುಚ್ಚಳ ತೆಗೆಯಲು ಎಂದಾದರೂ ಒಬ್ಬರು ಹೊರಟದ್ದುಂಟೆ? ಹೊರಗೋಡೆಯ ಬಿರುಕು ಮುಚ್ಚಲು ನಾಲ್ಕನೆಯ ಮಹಡಿಯೆತ್ತರಕ್ಕೆ ಬಿದಿರು ಕಟ್ಟಿ ಹಗ್ಗದ ಮೇಲೆ ತೂಗಿದ್ದುಂಟೆ? ಇಲ್ಲ. ನಾವು ಆರಿಸಿಕೊಂಡದ್ದು ಮಜ್ಜಿಗೆ ಕುಡಿಯುತ್ತ ಮಾಡಬಹುದಾದ ಕೆಲಸವನ್ನು. ಹಿತವಾದದ್ದನ್ನು ಸ್ವಾವಲಂಬನೆಯೆಂದು ಇಟ್ಟುಕೊಂಡು, ಅಪಾಯದ್ದನ್ನು ನಾಕಾಕ್ಕೆ ಬಿಡುವುದು. ಇದಕ್ಕೆ ಶ್ರಮಗೌರವ ಎಂಬ ಹೆಸರು ಹೊಂದುವುದಿಲ್ಲ.

ನಮ್ಮ ಶರಣರು ಕಾಯಕ ಎಂದಾಗ ಎಲ್ಲರೂ ಎಲ್ಲವನ್ನೂ ಮಾಡಿಕೊಳ್ಳಬೇಕೆಂದು ಅವರ ಅಭಿಪ್ರಾಯವಿದ್ದಂತಿಲ್ಲ. ಹಡಪದವನಿಗೆ ಹಡಪ, ಅಂಬಿಗನಿಗೆ ದೋಣಿ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬರಲು ಹೇಳಿದಳೆಂಬ ಕಥೆಯಿದೆ. ಮನೆಗೆ ಉಳಿಸಿ ತಂದ 4,375 ರೂಪಾಯಿಯ ಬಗ್ಗೆ ನಮ್ಮನ್ನು ಯಾರೂ ಹಾಗೆ ಕೇಳಿರಲಿಲ್ಲ. ಉಳಿಸಿದ ಹಣ ಬೇರೆ ಎಲ್ಲೋ ಖರ್ಚಾಗಿ ಬೇರೆ ಯಾರಿಗೋ ಅನ್ನವಾಗುತ್ತದೆ ಎಂದು ಅರ್ಥಶಾಸ್ತ್ರ ಬಲ್ಲ ಗೆಳೆಯರೊಬ್ಬರು ಸಮಾಧಾನ ಹೇಳಿದರು. ಇರಬಹುದು. ನಾವು ಕೊಟ್ಟ ಮಾತನ್ನು ನಂಬಿ ಕಲ್ಯಾಣದ ಕೆಲಸ ಬಿಟ್ಟು ಬಂದವರು ಮಾತ್ರ ‘ಬೇರೆ ಯಾರೋ’ ಅಲ್ಲ. ಕೆಲಸವನ್ನು ಅವರಿಗೇ ಕೊಡಬೇಕಾಗಿತ್ತು ಎಂದು ನಾವು ಹೇಳುತ್ತಿಲ್ಲ. ಹಿಂದಿನ ದಿನ ಒಂದು ಫೋನು ಮಾಡಿದ್ದರೆ ಸಾಕಾಗಿತ್ತು. ಹಾಗೆ ಮಾಡಬೇಕೆಂದು ಹೊಳೆಯಲಿಲ್ಲ. ಕಂತ್ರಾಟುದಾರರಿಗೆ ಮಾತ್ರ ಎಂಟು ದಿನ ಮೊದಲೇ ವಿನಯದಿಂದ ಪತ್ರ ಬರೆದು ತಿಳಿಸಿದ್ದೆವು.

ಇನ್ನೊಂದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಕನ್ನಡ ಸಂಘದ ಪತ್ರಿಕೆಯಲ್ಲದೆ ಬೇರೆಲ್ಲಿ ಬರೆಯೋಣ? ಆ ಗೌಂಡಿಯನ್ನು ಮೊದಲ ಸಲ ಗೊತ್ತು ಮಾಡಿದಾಗ, ಅವರ ಬಾಯಲ್ಲಿ ಇಂಡಿಯ ಕನ್ನಡ ಕೇಳಿ ನಮಗೆ ಕಣ್ಣು ತೇವವಾಗುವಷ್ಟು ಸಂತೋಷವಾಗಿತ್ತು. ‘ನೀವು ನಮ್ಮವರೇ ಅಲ್ಲವೆ’ ಎಂದು ಹೆಗಲ ಮೇಲೆ ಕೈಯಿಟ್ಟು ದಿನಕ್ಕೆ ನೂರು ರೂಪಾಯಿ ಕೂಲಿ ಇಳಿಸಿದೆವು. ನವೆಂಬರಿನಲ್ಲಿ ರಾಜ್ಯೋತ್ಸವದ ಕರೆಯೋಲೆ ಹಂಚುವಾಗ ಆ ನಮ್ಮವರ ನೆನಪಾಗಲಿಲ್ಲ. ರಸ್ಕಿನ್ 1860ರಲ್ಲಿ ಬರೆದು, ಗಾಂಧೀಜಿಯವರು 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಓದಿದ ಆ ಪ್ರಸಿದ್ಧ ಪುಸ್ತಕದಲ್ಲಿ ಒಂದು ವಿಚಾರವಿದೆ. ಕೂಲಿ ಗೊತ್ತಾದ ಒಂದೇ ದರದ್ದಾಗಿರಲಿ, ಕೆಲಸಗಾರನನ್ನು ಮಾತ್ರ ಗುಣ ನೋಡಿ ಆರಿಸಿರಿ ಎಂಬುದು ಅದರ ಸಾರ. ವೈದ್ಯರ ಹತ್ತಿರ ಹೋದಾಗ ನಾವು ಹಾಗೆಯೇ ಮಾಡುತ್ತೇವೆ. ನಾಕಾದಲ್ಲಿ ತಿರುವುಮುರುವು ಮಾಡುತ್ತೇವೆ: ಗುಣ ಕೇಳುವುದಿಲ್ಲ, ದರ ಕೇಳುತ್ತೇವೆ.

ಬಲ್ಲವನ ವಿದ್ಯೆಯನ್ನು ನಾವು ಕಡೆಗಣಿಸುವುದು ಅದು ಕಾಣಿಸದಿರುವುದರಿಂದ ಇರಬಹುದು. ಲೇಪ ಹಚ್ಚುವುದು ಕಾಣುತ್ತದೆ, ಆದ್ದರಿಂದ ಅದೇ ಕೆಲಸವೆಂದು ತಿಳಿಯುತ್ತೇವೆ. ಅದಕ್ಕೆ ಮುಂಚೆ ಬಡಿದು ಕೇಳುವುದು, ಕೆರೆಯುವುದು, ಒಣಗಿತೆ ಎಂದು ಕಾಯುವುದು, ಇಂದು ಬೇಡ ಎಂದು ಹಿಂದಿರುಗುವುದು, ಇವು ಕಾಣುವುದಿಲ್ಲ. ನಮ್ಮ ಗುಮಾಸ್ತಗಿರಿಯ ಪಾಡೂ ಇದೇ. ನಿವೃತ್ತಿವೇತನದ ಅರ್ಜಿಯಲ್ಲಿ ಏನಿದೆ, ಹೆಸರು ತುಂಬುವುದಲ್ಲವೆ ಎಂದು ತಾವೇ ತುಂಬಿ, ಸೇವಾಪುಸ್ತಕದ ಹೆಸರಿಗೂ ಬ್ಯಾಂಕಿನ ಹೆಸರಿಗೂ ಒಂದಕ್ಷರ ತಾಳೆಯಾಗದೆ ತಿಂಗಳುಗಟ್ಟಲೆ ಅಲೆಯುವವರನ್ನು ನಾವು ಎಷ್ಟು ಜನ ಕಂಡಿಲ್ಲ! ‘ಮೊದಲೇ ನಮ್ಮನ್ನು ಕೇಳಬಾರದಿತ್ತೆ?’ ಎಂದು ಅವರಿಗೆ ಎಷ್ಟು ಸಲ ಅಂದಿಲ್ಲ! ಆ ಗೌಂಡಿ ನಮಗೆ ಅಷ್ಟನ್ನೂ ಅನ್ನಲಿಲ್ಲ.

ಮಳೆ ಮುಗಿದ ಮೇಲೆ ಸಭೆ ಸೇರಿತು. ಆಜಿಯ ಸೂರಿನ ರಿಪೇರಿಗೆ ಹದಿನಾರು ಪಾಲು ಮಾಡಬೇಕೆಂದು ಒಬ್ಬರೆಂದರು. ಹದಿನಾರನೆಯ ಪಾಲು ಆಜಿಯದೇ ಎಂದು ಇನ್ನೊಬ್ಬರು ನೆನಪಿಸಿದರು. ನಿಯಮದಂತೆ ಅದು ಸರಿ. ತನ್ನ ಮಂಚದ ಮೇಲೆ ಬಿದ್ದದ್ದಕ್ಕೆ ತಾನೂ ದುಡ್ಡು ಕೊಡುವ ನಿಯಮ. ಕುಂಚ ಹಿಡಿದ ಎಂಟು ಮನೆಯವರೇ ಹಂಚಿಕೊಳ್ಳೋಣ ಎಂದು ನಾವೆಂದಾಗ, ಮೂವರು ಒಪ್ಪಿದರು. ನಾಲ್ವರು, ‘ಉಪಕಾರ ಮಾಡಿದ್ದಕ್ಕೆ ದಂಡವೆ?’ ಎಂದರು. ಅವರ ಮಾತನ್ನು ತಪ್ಪೆನ್ನಲು ನಮಗೆ ಇಂದಿಗೂ ಧೈರ್ಯವಿಲ್ಲ. ಒಪ್ಪಿದವರು ನಾವು ನಾಲ್ಕು ಮನೆಯವರು ಹಂಚಿಕೊಂಡೆವು. ಆ ನಾಲ್ವರಲ್ಲಿ ಒಬ್ಬರೊಡನೆ ಈಗಲೂ ಮೆಟ್ಟಿಲ ಮೇಲೆ ಎದುರಾದರೆ ಮಾತು ಅಷ್ಟಕ್ಕಷ್ಟೆ.

ಮರುವರ್ಷ ಏಪ್ರಿಲಿನಲ್ಲಿ ಗೌಂಡಿಯನ್ನು ಹುಡುಕಿಕೊಂಡು ನಾಕಾಕ್ಕೆ ಹೋದೆವು. ಫೋನಿನ ನಂಬರು ಬದಲಾಗಿತ್ತು. ಎರಡು ದಿನ ಸಿಗಲಿಲ್ಲ, ಮೂರನೆಯ ದಿನ ಸಿಕ್ಕಿದರು. ಹೋದ ವರ್ಷದ ಮಾತನ್ನು ನಾವೇ ತೆಗೆದು, ತಪ್ಪಾಯಿತು ಎಂದೆವು. ‘ಅದೇನ್ ಬಿಡ್ರಿ’ ಎಂದು ಮುಖ ಆಚೆ ತಿರುಗಿಸಿದರು. ಕೂಲಿ ಹೇಳಿದರು. ‘ನಮ್ಮವರೇ ಅಲ್ಲವೆ’ ಎಂಬುದು ಬಾಯಿಯ ತುದಿಯವರೆಗೆ ಬಂದಿತ್ತು, ರೂಢಿಯ ಬಲ. ನುಂಗಿಕೊಂಡು ಹೂಂ ಎಂದೆವು.

ಮೂಲೆಯ ಕೋಬಾ ಒಡೆದಾಗ ಒಳಗಿನ ಇಟ್ಟಿಗೆ ಏಪ್ರಿಲಿನ ಬಿಸಿಲಿನಲ್ಲಿಯೂ ತಣ್ಣಗಿತ್ತು. ಅದನ್ನೆಲ್ಲ ತೆಗೆದು, ಕೊಳವೆಯ ಬಾಯಿಯನ್ನು ಬಿಗಿಮಾಡಿ, ಹೊಸದಾಗಿ ಕೂರಿಸಿ, ಮೂಲೆಯನ್ನು ಗುಂಡಗೆ ತಿದ್ದಿದರು. ಎರಡನೆಯ ದಿನ ನಮ್ಮ ಕೈಗೆ ಒಂದು ಸಣ್ಣ ಸುತ್ತಿಗೆ ಕೊಟ್ಟು, ‘ಉಳದ ಕಡೆ ನೀವಽ ಬಡದ ಕೇಳ್ರಿ’ ಎಂದರು. ಬಡಿದೆವು. ಎಲ್ಲ ಒಂದೇ ಸದ್ದು. ‘ಕಿವಿ ಕೊಡ್ರಿ’ ಎಂದರು. ಅರ್ಧ ಗಂಟೆ ಬಗ್ಗಿ ಬಡಿದ ಮೇಲೆ, ಟಾಕಿಯ ಪಕ್ಕದಲ್ಲಿ ಸದ್ದು ತುಸು ಬೇರೆಯಾದಂತೆ ಕೇಳಿಸಿತು. ಮಾಗಿದ ಕುಂಬಳಕಾಯಿ ತಟ್ಟಿದ ಹಾಗೆ. ತಲೆಯೆತ್ತಿ ಅವರ ಮುಖ ನೋಡಿದೆವು. ಅವರಾಗಲೇ ಅಲ್ಲಿಗೆ ಸೀಮೆಸುಣ್ಣದಿಂದ ಗುರುತು ಹಾಕಿದ್ದರು. ಕೆಲಸ ಮುಗಿದು, ಅವರು ಒಣಗಿತೆಂದು ಹೇಳಿದ ದಿನ, ಲೇಪವನ್ನು ನಾವೂ ಹುಡುಗರೂ ಸೇರಿ ಹಚ್ಚಿದೆವು. ಅವರು ನೆರಳಿನಲ್ಲಿ ಕೂತು, ಎಲ್ಲಿ ತೆಳುವಾಯಿತೆಂದು ಹೇಳುತ್ತಿದ್ದರು. ಆ ದಿನದ್ದೂ ಪೂರ್ತಿ ಕೂಲಿ.

ಲೇಪ ಗಟ್ಟಿಯಾದ ಮೇಲೆ ಕೊಳವೆಗೆ ಬಟ್ಟೆ ಬಿಗಿದು ತಾರಸಿಯ ತುಂಬ ನಾಲ್ಕು ಬೆರಳು ನೀರು ನಿಲ್ಲಿಸಿದೆವು. ಎರಡು ದಿನ ಬಿಟ್ಟು ನೋಡಬೇಕು. ಎರಡನೆಯ ದಿನ ಸಂಜೆ, ಮೊಣಕಾಲಿನ ನೋವಿಗೆ ಒಂದೊಂದೇ ಮೆಟ್ಟಿಲು ಹತ್ತುತ್ತ ಆಜಿ ಮೇಲೆ ಬಂದರು. ಸೂರಿನಲ್ಲಿ ಒಂದು ಹನಿಯೂ ಇಲ್ಲ ಎಂದರು. ‘ಈ ಸಲ ಮಾಡಿದವರು ಯಾರು?’ ಎಂದು ಕೇಳಿದರು. ಗೌಂಡಿಯನ್ನು ತೋರಿಸಿದೆವು. ಆಜಿ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ‘ಮೆಟ್ಟಿಲ ತುಂಬ ಮರಳು ಚೆಲ್ಲಿದ್ದೀಯಲ್ಲ, ಮುದುಕಿ ಜಾರಿ ಬಿದ್ದರೆ ಯಾರು ಜವಾಬ್ದಾರಿ? ದುಡ್ಡು ತಗೊಳ್ಳೋದಿಲ್ಲವೆ?’ ಎಂದು ಮರಾಠಿಯಲ್ಲಿ ಜೋರಾಗಿ ಬೈದರು. ಅವರು ನಕ್ಕು, ಪೊರಕೆ ತೆಗೆದುಕೊಂಡು ಮೆಟ್ಟಿಲಿಳಿದರು.